ಶಾಸ್ತ್ರ ಸಂಶೋಧನೆಯೂ ಸತ್ಯನಿಷ್ಠೆಯೂ

ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಂತಹ ಊರಿನ ಹಳೆಯ ಮನೆಯೊಂದರಲ್ಲಿ ಓಲೆಗರಿಯ ಕಟ್ಟೊಂದು ಉಳಿದಿದ್ದು, ಮನೆಯವರು ಅದನ್ನು ವಿಶ್ವಾಸದಿಂದ ಸಂಶೋಧಕರೊಬ್ಬರ ಕೈಗೆ ಒಪ್ಪಿಸಿದರೆ, ಆ ಸಂಶೋಧಕರು ತೀರಿಸಬೇಕಾದ ಋಣವೇನು? ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯೂ ಸಂಸ್ಕೃತ ಸಂಶೋಧನ ಸಂಸತ್ತೂ ಇರುವ ಈ ಸೀಮೆಯಲ್ಲಿ ಇದು ಪಂಡಿತರಿಗಷ್ಟೇ ಸೇರಿದ ಪ್ರಶ್ನೆಯಲ್ಲ.

ಇತರ ವಿದ್ಯಾಲಯಗಳಿಗೆ ಅಷ್ಟಾಗಿ ಇಲ್ಲದ ತೊಡಕೊಂದು ಮತಶಾಸ್ತ್ರವನ್ನು ಬೋಧಿಸುವ ವಿದ್ಯಾಲಯಗಳಿಗೆ ಉಂಟು. ಅಲ್ಲಿ ಗ್ರಂಥವೂ ಪೂಜ್ಯ, ಗುರುವೂ ಪೂಜ್ಯ. ಆದುದರಿಂದ ಆಧಾರವನ್ನು ಕೇಳುವುದು ಅವಿನಯವೆಂದು ಶಿಷ್ಯನು ಅಳುಕುವನು. ಈ ಅಳುಕನ್ನು ಭಕ್ತಿಯೆಂದು ನಾವು ಒಪ್ಪಲಾರೆವು. ಪೂರ್ವಪಕ್ಷವನ್ನು ವಂಚನೆಯಿಲ್ಲದೆ ನಿರೂಪಿಸಿದ ಬಳಿಕವೇ ಸಿದ್ಧಾಂತವನ್ನು ಹೇಳಬೇಕೆಂಬುದು ನಮ್ಮ ಶಾಸ್ತ್ರಕಾರರೇ ಹಾಕಿಕೊಟ್ಟ ಕ್ರಮವಲ್ಲವೆ?

ಸನ್ಮಾರ್ಗದ ನಿದರ್ಶನಗಳು ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದಾಗ, ಹಸ್ತಪ್ರತಿಯು ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಬಂದುದೆಂಬುದನ್ನು ಮರೆಮಾಚಲಿಲ್ಲ. ಮೂಲವು ಬಯಲಿನಲ್ಲಿದ್ದುದರಿಂದಲೇ ಮುಂದಿನವರು ಅದನ್ನು ಬೇರೆ ಪ್ರತಿಗಳೊಡನೆ ಹೋಲಿಸಿ ತಿದ್ದುವುದು ಸಾಧ್ಯವಾಯಿತು, 1960ರಲ್ಲಿ ಆರ್. ಪಿ. ಕಾಂಗ್ಲೆಯವರ ಪರಿಷ್ಕೃತ ಪಾಠ ಹೊರಬಂದಿತು. ಬಾಸೆಲ್ ಮಿಷನ್ನಿನ ಪಾದ್ರಿ ಕಿಟ್ಟೆಲರು ತಮ್ಮ 1894ರ ನಿಘಂಟಿನಲ್ಲಿ ಜೈನ, ವೀರಶೈವ ಕೃತಿಗಳಿಂದ ಪದಗಳನ್ನು ಎತ್ತಿಕೊಂಡು, ಆಯಾ ಗ್ರಂಥದ ಸಂಕೇತವನ್ನು ಜೊತೆಯಲ್ಲಿಯೇ ನಮೂದಿಸಿದರು. ಮತಭೇದವು ಅವರ ಪ್ರಾಮಾಣಿಕತೆಗೆ ಅಡ್ಡಬರಲಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ವೈಮಾನಿಕ ಶಾಸ್ತ್ರವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದರ ಹಸ್ತಪ್ರತಿ, ಭಾಷೆ, ಯಂತ್ರವಿವರಗಳೆಲ್ಲವನ್ನೂ ಪರೀಕ್ಷಿಸಿ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ 1974ರಲ್ಲಿ ನಿರ್ಣಯಿಸಿದರು. ಇಷ್ಟಾದರೂ 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿಯೇ ಆ ಗ್ರಂಥವನ್ನು ಪ್ರಮಾಣವೆಂದು ಎತ್ತಿ ಆಡಲಾಯಿತು! ಇದರಿಂದ ಪ್ರಾಚೀನರ ಕೀರ್ತಿ ಹೆಚ್ಚಿತೆ? ನಿಜವಾದ ಪ್ರಾಚೀನ ಗ್ರಂಥಗಳನ್ನೂ ಲೋಕವು ಸಂಶಯದಿಂದ ನೋಡುವಂತಾಯಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದವರು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಮಾಡಿದರು. ಪ್ರಬಂಧದಲ್ಲಿ ಅನ್ಯರ ಬರಹದೊಡನೆ ಹೋಲಿಕೆ ಶೇಕಡ 10ನ್ನು ಮೀರಿದರೆ ದಂಡನೆ ಆರಂಭವಾಗುವುದು, 60ನ್ನು ಮೀರಿದರೆ ನೋಂದಣಿಯೇ ರದ್ದಾಗುವುದು ಎಂದು ವಿಧಿಸಿದರು. ಇದು ಸ್ವಾಗತಾರ್ಹವೇ. ಆದರೆ ಯಂತ್ರವು ಮಾತುಗಳ ಹೋಲಿಕೆಯನ್ನು ಎಣಿಸಬಲ್ಲುದು. ಇಲ್ಲದ ಓಲೆಯನ್ನು ಇದೆಯೆಂದವನನ್ನೂ, ಒಲ್ಲದ ಪಾಠಾಂತರವನ್ನು ನುಂಗಿಹಾಕಿದವನನ್ನೂ, ಬಡ ಲಿಪಿಕಾರನ ವರ್ಷಗಳ ದುಡಿಮೆಗೆ ತನ್ನ ಹೆಸರನ್ನು ಅಂಟಿಸಿಕೊಂಡವನನ್ನೂ ಅದು ಹಿಡಿಯಲಾರದು.

ಆದುದರಿಂದ ಸಂಸ್ಕೃತ ಪಾಠಶಾಲೆಯಾಗಲಿ, ಮಠದ ವಿದ್ಯಾಪೀಠವಾಗಲಿ, ಕ್ರೈಸ್ತ ದೈವಶಾಸ್ತ್ರದ ಕಾಲೇಜಾಗಲಿ, ಎಲ್ಲರೂ ಕೆಲವು ಕಟ್ಟಳೆಗಳನ್ನು ತಾವೇ ವಿಧಿಸಿಕೊಳ್ಳುವುದು ಶ್ರೇಯಸ್ಕರ. ಹಸ್ತಪ್ರತಿಯನ್ನು ಪಡೆದ ಕೂಡಲೇ ರಶೀತಿ ಕೊಡಲಿ. ಛಾಯಾಪ್ರತಿ ತೆಗೆದು ಮೂಲವನ್ನು ಹಿಂದಿರುಗಿಸಲಿ. ಮನೆಯವರು ಸಮ್ಮತಿಸಿದರೆ ಅವರ ಹೆಸರನ್ನೂ, ತಪ್ಪದೆ ಲಿಪಿಕಾರನ ಹೆಸರನ್ನೂ ಮುದ್ರಿಸಲಿ. ತಮ್ಮ ಸಂಪ್ರದಾಯಕ್ಕೆ ಒಗ್ಗದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ.

ಒಮ್ಮೆ ವಂಚನೆಗೊಳಗಾದ ಮನೆಯವರು ಮತ್ತೊಮ್ಮೆ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಒಳಗಿನ ಓಲೆ ಗೆದ್ದಲಿನ ಪಾಲಾಗುತ್ತದೆ. ಆ ನಷ್ಟವು ಯಾವ ಒಂದು ಮತಕ್ಕೂ ಸೇರಿದುದಲ್ಲ, ನಾಡಿಗೇ ಸೇರಿದುದು. ವಿದ್ಯಾಲಯಗಳ ಅಧಿಕಾರಿಗಳು ಇದನ್ನು ಮನಗಾಣುವರೆಂದು ಆಶಿಸುತ್ತೇವೆ.