ಆನೆಯ ಕಿವಿಯಿಂದ ಅಳೆಯಿರಿ

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ ವಲಯ ಎಂದು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಮಿತಿ ಗೊತ್ತುಮಾಡಿದರು. ಆಸ್ಪತ್ರೆಯ ನೆನಪಾಯಿತು, ಶಾಲೆಯ ನೆನಪಾಯಿತು, ನ್ಯಾಯಾಲಯದ ನೆನಪಾಯಿತು. ಕಾಡಿಗೆಂದು ಒಂದು ಸಾಲಿನ ಮಿತಿಯನ್ನೂ ಬರೆಯಲಿಲ್ಲ.

ಅದಕ್ಕಿಂತ ದೊಡ್ಡ ಅನ್ಯಾಯ ಅಳತೆಗೋಲಿನಲ್ಲೇ ಇದೆ. ಈ ಮಿತಿಗಳೆಲ್ಲ ‘ಎ’ ಮಾಪಕದ ಡೆಸಿಬೆಲ್‌ಗಳು, ಮನುಷ್ಯನ ಕಿವಿಗೆ ತಕ್ಕಂತೆ ಮಾಡಿದ ಲೆಕ್ಕ. ನಮಗೆ ಸರಿಯಾಗಿ ಕೇಳಿಸದ ತಗ್ಗು ಸ್ಥಾಯಿಯ ಸದ್ದನ್ನು ಮೀಟರು ಕಡಿಮೆ ಮಾಡಿಯೇ ತೋರಿಸುತ್ತದೆ. 20 ಹರ್ಟ್ಸ್‌ನ ಸದ್ದಿದ್ದರೆ ಸುಮಾರು 50 ಡೆಸಿಬೆಲ್ ಮುರಿದುಕೊಳ್ಳುತ್ತದೆ.

ಹಾಗೆ ಮುರಿದುಕೊಂಡ ಪಾಲಿನಲ್ಲೇ ಆನೆಯ ಮಾತಿದೆ! 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಸಂಶೋಧಕಿ ಕೇಟಿ ಪೇನ್‌ಗೆ ಗಾಳಿಯಲ್ಲಿ ಏನೋ ಮಿಡಿದಂತಾಯಿತು. ಧ್ವನಿಮುದ್ರಿಸಿ ನೋಡಿದರೆ 14ರಿಂದ 24 ಹರ್ಟ್ಸ್‌ನ ಕರೆಗಳು, ಬಹುಪಾಲು ನಮ್ಮ ಕಿವಿಗೆ ನಿಲುಕದವು. ತಗ್ಗು ಸದ್ದು ಮರಗಳ ನಡುವೆಯೂ ಬೇಗ ಸವೆಯದೆ ದೂರ ಸಾಗುತ್ತದೆ. ಚದುರಿ ಮೇಯುವ ಗುಂಪು ಕೂಡಿಕೊಳ್ಳುವುದು, ಸಲಗ ಬೆದೆಯ ಹೆಣ್ಣನ್ನು ಹುಡುಕುವುದು ಇದನ್ನು ನಂಬಿಕೊಂಡು. ಭಾರ ಹೊತ್ತ ಲಾರಿ ಏರು ಹತ್ತುವಾಗ ಗುಡುಗುವುದೂ ತಗ್ಗು ಸ್ಥಾಯಿಯಲ್ಲೇ.

ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ತಡೆದದ್ದು 2009ರಲ್ಲಿ. ಅಂದಿನಿಂದ ತೆರೆಯಿರಿ ಎಂಬ ಒತ್ತಡ ನಿಂತಿಲ್ಲ. ಮೇಲುಸೇತುವೆ ಕಟ್ಟೋಣ, ಪ್ರಾಣಿಗಳು ಕೆಳಗೆ ಓಡಾಡಲಿ ಎಂದರು. ಸೇತುವೆ ಚಕ್ರವನ್ನು ಮೇಲೆತ್ತಬಹುದು, ಸದ್ದು ಕಾಡಿಗೇ ಇಳಿಯುತ್ತದೆ. ಗಾಡಿಗೆ ಸಿಕ್ಕಿ ಸತ್ತ ಜಿಂಕೆಯನ್ನಷ್ಟೇ ನಷ್ಟವೆಂದು ಬರೆದುಕೊಳ್ಳುವವರಿಗೆ, ತಾಯಿಯ ಕರೆ ಕೇಳಿಸದೆ ನಿಂತ ಮರಿ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಇನ್ನು ಕಾಡಂಚಿನ ರೆಸಾರ್ಟುಗಳ ವಾರಾಂತ್ಯದ ಡಿಜೆ. ಕಣಜಗೂಬೆಯ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿದೆ. ಆ ವ್ಯತ್ಯಾಸದಿಂದಲೇ ಅದು ಕಗ್ಗತ್ತಲಲ್ಲೂ ಇಲಿಯ ಜಾಗ ಹಿಡಿಯುತ್ತದೆ. ತರಗೆಲೆಯ ಸರಪರವೆಲ್ಲ ಡಿಜೆಯಡಿ ಮುಳುಗಿದ ಮೇಲೆ ಅದು ಏನು ತಿನ್ನಬೇಕು? ಪ್ರಾಣಿಗಳು ಒಗ್ಗಿಕೊಳ್ಳುತ್ತವೆ ಎನ್ನುವವರು ಪಶ್ಚಿಮಘಟ್ಟದ ತೊರೆಯ ಕುಣಿಯುವ ಕಪ್ಪೆಯನ್ನು ನೋಡಲಿ. ನೀರಿನ ಮೊರೆತದ ನಡುವೆ ಬಾಳುವ ಆ ಗಂಡುಕಪ್ಪೆ ಕೂಗುವುದರ ಜೊತೆಗೆ ಹಿಂಗಾಲು ಚಾಚಿ ಬೀಸಿ ಎದುರಾಳಿಗೆ ಸನ್ನೆ ಮಾಡುತ್ತದೆ. ಆ ಸನ್ನೆ ಮೂಡಲು ಅಸಂಖ್ಯ ತಲೆಮಾರುಗಳು ಕಳೆದಿವೆ. ನೀವು ಕೊಡುತ್ತಿರುವುದು ಎರಡು ವಾರಾಂತ್ಯದ ನಡುವಿನ ಐದು ದಿನ.

ಕಾಡಂಚಿನಲ್ಲಿ ಧ್ವನಿವರ್ಧಕಕ್ಕೆ ಯಾವ ಕಚೇರಿಯೂ ಅನುಮತಿ ಕೊಡಕೂಡದು. ಕಾಡಿಗೆ ಪ್ರತ್ಯೇಕ ಮಿತಿ ಬರೆಯಿರಿ, ‘ಎ’ ಮಾಪಕ ಬದಿಗಿಟ್ಟು ತಗ್ಗು ಸದ್ದನ್ನೂ ಇದ್ದಹಾಗೇ ಅಳೆಯಿರಿ. ಅಲ್ಲಿಯವರೆಗೆ, ಕಾಡಿನಲ್ಲಿ ಶಬ್ದ ಮಿತಿಯೊಳಗಿದೆ ಎನ್ನುವ ಯಾವ ವರದಿಯನ್ನೂ ನಾವು ಒಪ್ಪುವುದಿಲ್ಲ.