ಮಿಂಚಿನ ಕೆಳಗಿನ ಪೆಟ್ಟಿಗೆ

ವಿಜ್ಞಾನ ಪ್ರದರ್ಶನದಲ್ಲಿ ಟೆಸ್ಲಾ ಕಾಯಿಲ್ ಒಂದಿದ್ದರೆ ಮುಗಿಯಿತು, ಗುಂಪೆಲ್ಲ ಅದರ ಮುಂದೆಯೇ. ತಾಮ್ರದ ತಂತಿ ಸುತ್ತಿದ ಕೊಳವೆಯ ನೆತ್ತಿಯಿಂದ ನೇರಳೆ ಮಿಂಚು ಚಟಪಟ ಹಾರುತ್ತದೆ. ಪಕ್ಕದಲ್ಲಿ ಹಿಡಿದ ಟ್ಯೂಬ್‌ಲೈಟು ತಂತಿಯ ಹಂಗಿಲ್ಲದೆ ಬೆಳಗುತ್ತದೆ. ನಿಕೋಲಾ ಟೆಸ್ಲಾ 1891ರಲ್ಲಿ ರೂಪಿಸಿದ ಈ ಸಾಧನವನ್ನು ಮನೆಯಲ್ಲೇ ಮಾಡುತ್ತೇನೆಂದು ಬಸವನಗುಡಿಯ ಪಿಯುಸಿ ಹುಡುಗನೋ ಮಲ್ಲೇಶ್ವರದ ಹುಡುಗಿಯೋ ಹಟ ಹಿಡಿದರೆ, ಅಪ್ಪ-ಅಮ್ಮನಿಗೆ ಭಯ ಹುಟ್ಟಿಸುವುದು ಆ ಮಿಂಚು. ಅದು ತಗುಲಿದರೆ ಸುಡುತ್ತದೆ, ನಿಜ. ಆದರೆ ಪ್ರಾಣಕ್ಕೆ ಹೆಚ್ಚಿನ ಗಂಡಾಂತರ ಇರುವುದು ಕೆಳಗೆ ಸದ್ದಿಲ್ಲದೆ ಕುಳಿತ ಪೆಟ್ಟಿಗೆಯಲ್ಲಿ.

ಗೋಡೆಯ ಪ್ಲಗ್ಗಿನ 230 ವೋಲ್ಟನ್ನು 15,000ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಅದರೊಳಗಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಲು ಬಳಸಿದ್ದು ಸುಮಾರು 30,000 ವೋಲ್ಟ್. (ಬೆಂಗಳೂರಿನ ಬೀದಿದೀಪ 1905ರಲ್ಲಿ ಬೆಳಗಿದ್ದೂ ಆ ನೀರಿನ ಬಲದಿಂದಲೇ.) ಅದರ ಅರ್ಧದಷ್ಟು ಈಗ ಓದುವ ಕೋಣೆಯಲ್ಲಿ!

ಹವ್ಯಾಸಿಗಳು ಹಿಂದಿನಿಂದಲೂ ಹುಡುಕುವುದು ನಿಯಾನ್ ಫಲಕಗಳ ಹಳೆಯ ಟ್ರಾನ್ಸ್‌ಫಾರ್ಮರನ್ನು. ಎಲ್‌ಇಡಿ ಬಂದ ಮೇಲೆ ಅದು ಮೂಲೆ ಸೇರಿದೆ, ಎಸ್.ಪಿ. ರಸ್ತೆಯಲ್ಲೋ ಗುಜರಿಯಲ್ಲೋ ವಿಚಾರಿಸಬೇಕು. ಈಚಿನ ಹಗುರವಾದ ಎಲೆಕ್ಟ್ರಾನಿಕ್ ಮಾದರಿ ಈ ಕೆಲಸಕ್ಕೆ ಒಗ್ಗದು. ಹಳೆಯದರಲ್ಲಿ ಒಂದು ಜಾಣತನವಿದೆ. ಎರಡು ಸುರುಳಿಗಳ ನಡುವೆ ಕಬ್ಬಿಣದ ತುಂಡುಗಳನ್ನಿಟ್ಟು ಕಾಂತಬಲಕ್ಕೆ ಅಡ್ಡದಾರಿ ಮಾಡಿಕೊಟ್ಟಿರುತ್ತಾರೆ. ಹೀಗಾಗಿ ಶಾರ್ಟ್ ಆದರೂ ಕರೆಂಟು 30 ಮಿಲಿಆಂಪಿಯರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಟೆಸ್ಲಾ ಕಾಯಿಲ್‌ನಲ್ಲಿ ಕಿಡಿ ಹಾರಿದಾಗಲೆಲ್ಲ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದಂತೆಯೇ. ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ. ಈ ಕಡಿವಾಣವಿಲ್ಲದೆ ಯಾವ ಟ್ರಾನ್ಸ್‌ಫಾರ್ಮರೂ ಬಾಳದು.

15,000 ವೋಲ್ಟನ್ನು 0.03 ಆಂಪಿಯರಿನಿಂದ ಗುಣಿಸಿ: 450 ವ್ಯಾಟ್. ಇಸ್ತ್ರಿಪೆಟ್ಟಿಗೆಗಿಂತಲೂ ಕಡಿಮೆ. ಪ್ಲಗ್ಗಿನಿಂದ ಎಳೆಯುವುದು ಎರಡೇ ಆಂಪಿಯರ್. ಫ್ಯೂಸು ಹಾರುವ ಮಾತೇ ಇಲ್ಲ. ಆದರೆ ಅದೇ 30 ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಉಸಿರು ಕಟ್ಟಬಹುದು, ಹೃದಯದ ಲಯ ತಪ್ಪಬಹುದು. ‘ಮನೆಗೆ ಇಎಲ್‌ಸಿಬಿ ಹಾಕಿಸಿದ್ದೇವಲ್ಲ’ ಎನ್ನುವ ತಂದೆಯಂದಿರು ಇಲ್ಲಿ ಗಮನಿಸಬೇಕು. ಆ ಸಾಧನ ಕಾಯುವುದು ಮೇನ್ಸ್ ತಂತಿಗಳಲ್ಲಿ ಹೋಗುವ, ಬರುವ ಕರೆಂಟಿನ ವ್ಯತ್ಯಾಸವನ್ನು ಮಾತ್ರ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಮಗನಿಗೆ ಷಾಕ್ ಹೊಡೆದರೆ ಅದಕ್ಕೆ ಸುಳಿವೇ ಸಿಗದು.

ಕೆಟ್ಟ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಸುಲಭವಾಗಿ ಸಿಗುತ್ತದೆಂದು ಕೆಲವರು ಅದಕ್ಕೆ ಕೈಹಾಕುತ್ತಾರೆ. ಬರೀ 2,000 ವೋಲ್ಟ್ ತಾನೆ? ಹೌದು, ಆದರೆ ಕರೆಂಟು ಅರ್ಧ ಆಂಪಿಯರ್ ಮೀರಬಲ್ಲದು. ಅದರಿಂದ ಪ್ರಾಣ ಕಳೆದುಕೊಂಡ ಹವ್ಯಾಸಿಗಳಿದ್ದಾರೆ. ವಿದ್ಯಾರ್ಥಿಗಳು ಅದನ್ನು ಮುಟ್ಟಲೇಬಾರದು.

ಇನ್ನು ಕೆಪಾಸಿಟರ್. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೂ ಅದು ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಲ್ಲದು. ಹೈವೋಲ್ಟೇಜ್ ಪ್ರಯೋಗಾಲಯಗಳಲ್ಲಿ ಭೂಮಿಗೆ ಜೋಡಿಸಿದ ಕೋಲನ್ನು ಮೊದಲು ತಾಗಿಸಿ, ಆಮೇಲೆ ಕೈಯಿಡುವುದು ರೂಢಿ. ಒಬ್ಬರೇ ಇರುವಾಗ ಕೆಲಸ ಮಾಡುವುದಿಲ್ಲ. ಇಷ್ಟು ಏರ್ಪಾಟು ಮನೆಯಲ್ಲಾಗದು. ಅನುಭವವುಳ್ಳ ಮೇಷ್ಟರ ಎದುರಿಗೆ ಕಾಲೇಜಿನ ಪ್ರಯೋಗಾಲಯದಲ್ಲಾದರೆ ಸರಿ.

ಮನೆಯ ಮೇಜಿಗೆ ಇನ್ನೊಂದು ದಾರಿಯಿದೆ. ಪಿವಿಸಿ ಪೈಪಿನ ಮೇಲೆ ತೆಳು ವೈಂಡಿಂಗ್ ತಂತಿಯನ್ನು ಒಂದರ ಮೇಲೊಂದು ಏರದಂತೆ ಮುನ್ನೂರು ಸುತ್ತು ಸುತ್ತಬೇಕು. ಜೊತೆಗೆ ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, 9 ವೋಲ್ಟಿನ ಬ್ಯಾಟರಿ. ಮಿಂಚು ಹಾರದು, ಸಿಎಫ್‌ಎಲ್ ಬಲ್ಬು ಹತ್ತಿರ ತಂದರೆ ತಂತಿಯಿಲ್ಲದೆ ಬೆಳಗುತ್ತದೆ. ಮಿಂಚನ್ನೇ ನೋಡಬೇಕೆನ್ನುವವರಿಗೆ ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಅಲ್ಲಿನ ಹೈವೋಲ್ಟೇಜ್ ಪ್ರಯೋಗಾಲಯಕ್ಕೆ ಹೋಗುವವರು ಬೇಗ ಹೋಗಿ ಸಾಲಿನಲ್ಲಿ ನಿಲ್ಲುವುದು ಒಳ್ಳೆಯದು.