ಹೊಲದ ಹೊಂಡದಲ್ಲಿ ಮೀನು

ಮುಂಡರಗಿ, ಶಿರಹಟ್ಟಿ ಕಡೆಯ ಹೊಳೆದಂಡೆಯ ಸೋದರಿಯರಿಗೆ ಮೀನು ಹೊಸದಲ್ಲ, ತುಂಗಭದ್ರೆ ಹತ್ತಿರವೇ ಇದ್ದಾಳೆ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಒಣ ಹೊಲದಲ್ಲಿ ಮೀನೆ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತೆಗೆಸಿದ ಹೊಂಡಗಳು ನಮ್ಮ ಸೀಮೆಯಲ್ಲಿವೆಯಲ್ಲ, ಅವುಗಳ ಮಾತು ಇದು. "ನಮ್ಮನ್ಯಾಗ ಮೀನ ತಿನ್ನಂಗಿಲ್ರೀ" ಎನ್ನುವಿರಾ? ತಿನ್ನುವವರಿಗೆ ಮಾರಿದರಾಯಿತು.

ಮರಿ ತರುವ ಮೊದಲು ಬೇಲಿ ಹಾಕಿಸಿ. ಮಸಾರಿ ಹೊಲದಲ್ಲಿ ನೀರು ಇಂಗುತ್ತದೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದಕ್ಕೆ ಪಾಚಿ ಹಿಡಿದರೆ ಈಜು ಬಲ್ಲ ಗಂಡಸಿಗೂ ಹತ್ತಿ ಬರುವುದು ಕಷ್ಟ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಮೀನು ಬಂತೆಂದರೆ ಹುಡುಗರು ನೋಡಲು ಹೋಗಿಯೇ ಹೋಗುತ್ತಾರೆ. ಸುತ್ತ ತಂತಿ ಜಾಲರಿ, ಬೀಗದ ಗೇಟು, ಗೂಟಕ್ಕೆ ಬಿಗಿದು ನೀರೊಳಗೆ ಇಳಿಬಿಟ್ಟ ಗಂಟುಗಂಟಿನ ದಪ್ಪ ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬು ಇರಲೇಬೇಕು. ಯಜಮಾನರು "ಆಮ್ಯಾಲೆ ಹಾಕಿಸೋಣ" ಅಂದರೆ "ಮರೀನೂ ಆಮ್ಯಾಲೇ ತರೋಣ" ಅನ್ನಿ.

ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಡಬಹುದು. 21 ಮೀಟರ್ ಉದ್ದಗಲದ ಹೊಂಡಕ್ಕೆ 200 ಮರಿ ಸಾಕು. ಹೊಂಡದ ನೀರು ವರ್ಷವಿಡೀ ನಿಲ್ಲುವುದಿಲ್ಲವಾದ್ದರಿಂದ ಬೆರಳುದ್ದದ ಮರಿಯನ್ನೇ ಕೇಳಿ ತನ್ನಿ. ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಬಿಟ್ಟು ಆಮೇಲೆ ಬಾಯಿ ಬಿಚ್ಚಿ. ಅಗ್ಗವೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೇಡ, ಅದರ ಸಾಕಣೆಗೆ ನಿಷೇಧವಿದೆ.

ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ ಕಲಸಿ ಉಂಡೆ ಮಾಡಿ ಹಾಕಿ. 200 ಮೀನು ತಲಾ 100 ಗ್ರಾಮಿನಷ್ಟಾದಾಗ ದಿನಕ್ಕೆ ಅರ್ಧ ಕಿಲೋ ಬೇಕು. ಉಂಡೆ ಉಳಿದರೆ ಮರುದಿನ ಕಡಿಮೆ ಮಾಡಿ. ತಿನ್ನದ ಹಿಂಡಿ ಕೊಳೆತು ನೀರು ಕೆಡಿಸುತ್ತದೆ.

ಬೆಳಿಗ್ಗೆ ಬೇಗ ಹೋಗಿ ನೋಡುವ ಕೆಲಸ ನಿಮ್ಮದೇ ಇರಲಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿಗೆ ಬಡಿದಾಟ. ರಾತ್ರಿ ಹೊತ್ತು ಪಾಚಿಯೂ ನೀರಿನ ಆಮ್ಲಜನಕವನ್ನೇ ಬಳಸುತ್ತದೆ. ಮೋಡ ಮುಸುಕಿದ ದಿನಗಳಲ್ಲಿ ಇದು ಹೆಚ್ಚು. ಅಂದು ಆಹಾರ ಹಾಕಬೇಡಿ, ಸಗಣಿಯನ್ನಂತೂ ಮುಟ್ಟಬೇಡಿ. ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತರದಿಂದ ಹೊಂಡಕ್ಕೆ ಸುರಿಯುವಂತೆ ಮಾಡಿ. ಮೆಣಸಿನಗಿಡ, ಹತ್ತಿಗೆ ಎಣ್ಣೆ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆದರೋ, ಒಂದೇ ದಿನದಲ್ಲಿ ಎಲ್ಲಾ ಮುಗಿಯಿತು! ಆಳುಗಳಿಗೂ ಹೇಳಿಡಿ.

ಸಿಗಡಿಯ ಆಸೆ ಮೊದಲ ವರ್ಷ ಬೇಡ. ದೊಡ್ಡ ಜಾತಿಯ ಸಿಹಿನೀರ ಸಿಗಡಿಯ ಎಳೆಮರಿಗೆ ಉಪ್ಪು ಬೆರೆತ ನೀರು ಬೇಕು. ನಮ್ಮ ಹೊಂಡದಲ್ಲಿ ಅದರ ಸಂತಾನ ಬೆಳೆಯದು. ಪ್ರತಿಸಲವೂ ಮರಿ ಕೊಂಡೇ ತರಬೇಕು. ಸಾಲದ್ದಕ್ಕೆ ಸಿಪ್ಪೆ ಕಳಚಿದಾಗ ಒಂದನ್ನೊಂದು ತಿನ್ನುತ್ತವೆ.

ಇನ್ನು ದುಡ್ಡಿನ ಮಾತು. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 40 ಸಹಾಯಧನವಿದ್ದರೆ ಹೆಣ್ಣುಮಕ್ಕಳಿಗೆ 60 ಎಂದಿಟ್ಟರು. ಈಗ ಯಾವ ಸವಲತ್ತಿದೆಯೆಂದು ಮೀನುಗಾರಿಕೆ ಇಲಾಖೆಯಲ್ಲಿ ನೀವೇ ಹೋಗಿ ವಿಚಾರಿಸಿ. ಅರ್ಜಿಯಲ್ಲಿ ನಿಮ್ಮ ಹೆಸರಿರಲಿ, ಹಣ ಜಮಾ ಆಗುವ ಪಾಸ್‌ಬುಕ್ಕೂ ನಿಮ್ಮದೇ ಇರಲಿ. ಹಿಂಗಾರಿಗೆ ನೀರು ಎಷ್ಟು ಎತ್ತುತ್ತೀರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನೀರು ಎದೆಮಟ್ಟಕ್ಕೆ ಇಳಿಯುವುದರೊಳಗೆ ಬಲೆಯವರನ್ನು ಗೊತ್ತುಮಾಡಿ.